ನಮ್ಮಣ್ಣನ ನಾಲ್ಕು ಲೇತುಗಳು

ನಮ್ಮಣ್ಣನಿಗೆ ಇನ್ನೂ ಮದುವೆಯಾಗಿಲ್ಲ, ಆದರೆ ಮನೆಯಲ್ಲಿ ನಾಲ್ಕನ್ನು ಇಟ್ಟುಕೊಂಡಿದ್ದಾನೆ! ಅದೂ ಎಲ್ಲಿ? ನಾವು ಮಲಗಬೇಕಾದ ಒಳಗಿನ ಖೋಲಿಯಲ್ಲೇ! ಅವ್ವನಿಗೆ ಗೊತ್ತು, ಕೊಪ್ಪಳದ ನಮ್ಮ ಓಣಿಗೆ ಗೊತ್ತು, ಅವನು ಗುಮಾಸ್ತನಾಗಿರುವ ಯಲಬುರ್ಗಾದ ಕಚೇರಿಗೂ ಗೊತ್ತು. ಹುಬ್ಬೇರಿಸಬೇಡಿ. ನಾಲ್ಕೂ ಲೇತುಗಳು. ಕಟ್ಟಿಗೆಯನ್ನು ಗರಗರ ತಿರುಗಿಸಿ, ಉಳಿ ಒತ್ತಿ, ಲಟ್ಟಣಿಗೆಯನ್ನೋ ಬುಗುರಿಯನ್ನೋ ಕಡೆದು ತೆಗೆಯುವ ಯಂತ್ರಗಳು. ಬಡಗಿತನ ನಮ್ಮ ಮನೆತನದ ಕಸುಬೂ ಅಲ್ಲ, ಅವನ ಹೊಟ್ಟೆಪಾಡೂ ಅಲ್ಲ. ಬರೀ ಹುಚ್ಚು!

"ಒಬ್ಬ ಮನಷ್ಯಾಗ ಎಷ್ಟು ಬೇಕೋ ಇವು?" ಎಂದು ಅವ್ವ ಒಮ್ಮೆ ತಲೆ ಚಚ್ಚಿಕೊಂಡು ಕೇಳಿದಳು.

"ಸದ್ಯಕ್ಕ ನಾಲ್ಕು ಸಾಕವ್ವಾ" ಎಂದ ಅಣ್ಣ. ಆ 'ಸದ್ಯಕ್ಕ' ಕೇಳಿದ್ದೇ ನಾನು ಖೋಲಿಯಲ್ಲಿ ಉಳಿದ ಜಾಗವನ್ನು ಕಣ್ಣಲ್ಲೇ ಅಳೆದೆ.

ಅವನ ಲೆಕ್ಕಾಚಾರವನ್ನು ನೀವು ಅವನ ಬಾಯಿಂದಲೇ ಕೇಳಬೇಕು. ಮೊದಲನೆಯದು ಗಂಗಾವತಿಯಲ್ಲಿ ಮುಚ್ಚಿಹೋದ ಕಟ್ಟಿಗೆ ಅಡ್ಡೆಯೊಂದರಿಂದ ಬಂದದ್ದು. ಆಳುದ್ದ, ಎಮ್ಮೆಯಷ್ಟು ಭಾರ, ನೆಲಕ್ಕೆ ಬೋಲ್ಟ್ ಹೊಡೆದೇ ನಿಲ್ಲಿಸಬೇಕು. ಅದು ಉದ್ದನೆಯ ಸಾಮಾನಿಗೆ. ಹಾಗಾದರೆ ಗಿಡ್ಡನೆಯ ಸಾಮಾನಿಗೆ? ಅದಕ್ಕೆ ಎರಡನೆಯದು. ಬಟ್ಟಲಿನಂಥ ದುಂಡನೆಯ ಸಾಮಾನಿಗೆ ಮೂರನೆಯದು. ಇನ್ನು ನಾಲ್ಕನೆಯದು? ಮೊದಲ ಮೂರಕ್ಕೆ ಬೇಕಾಗುವ ಉಳಿಗಳಿವೆಯಲ್ಲ, ಅವುಗಳ ಹಿಡಿಕೆ ಕಡೆಯುವುದಕ್ಕೆ!

"ಅಲ್ಲೋ ಅಣ್ಣಾ, ಆ ಹಿಡಿಕಿ ಉಳಿದ ಮೂರರಾಗ ಕಡೀಲಿಕ್ಕೆ ಬರಂಗಿಲ್ಲೇನು?"

"ಬರ್ತೈತಿ. ಆದ್ರ ಅವು ಕೆಲಸದಾಗ ಅದಾವಲ್ಲಪಾ!"

ಇದಕ್ಕೆ ಏನು ಹೇಳುತ್ತೀರಿ? ನಾನಂತೂ ಎದ್ದು ನನ್ನ ಅಂಗಡಿಗೆ ಹೋದೆ.

ಎರಡನೆಯದು ಕುಷ್ಟಗಿಯಿಂದ ಬಸ್ಸಿನಲ್ಲಿ ಬಂತು. ಅಂದು ಅವ್ವನೂ ಅಣ್ಣನ ಜೊತೆಗಿದ್ದಳು. ಗೋಣಿಚೀಲದಲ್ಲಿ ಸುತ್ತಿದ ಅದನ್ನು ಇಬ್ಬರೂ ಸೀಟಿನ ನಡುವೆ ತುರುಕಿದ್ದೇ ತಡ, ಕಂಡಕ್ಟರ್ ಹಾಜರ್. "ಲಗೇಜ್ ಚೀಟಿ ತಗೋರಿ" ಎಂದ. ಮನೆಯಲ್ಲಿ ಲೇತುಗಳಿಗೆ ಮೂರೂ ಹೊತ್ತು ಶಾಪ ಹಾಕುವ ಅವ್ವ, ಪರರ ಎದುರು ಎಲ್ಲಿ ಬಿಟ್ಟುಕೊಟ್ಟಾಳು?

"ಅದು ನಂದೈತಪಾ. ಹೆಣ್ಣಮಕ್ಕಳಿಗೆ ಬಸ್ಸು ಪುಕ್ಕಟ ಅಲ್ಲೇನು?"

"ಯವ್ವಾ, ಪುಕ್ಕಟ ಇರೂದು ಹೆಣ್ಣಮಕ್ಕಳಿಗೆ, ಅವರ ಕಬ್ಬಿಣಕ್ಕಲ್ಲ!"

"ಹಂಗಾರ ನನ್ನ ಬುತ್ತಿ ಡಬ್ಬಿಗೂ ಒಂದು ಚೀಟಿ ಹರಿ. ಅದೂ ಸ್ಟೀಲಿಂದೈತಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ನಗುತ್ತಲೇ ಲಗೇಜ್ ಚೀಟಿ ಹರಿದ. ಅವ್ವ ಮನೆ ಮುಟ್ಟುವವರೆಗೂ ಆ ಕಂಡಕ್ಟರನಿಗೂ, ಮುಟ್ಟಿದ ಮೇಲೆ ಅಣ್ಣನಿಗೂ ಬೈದಳು.

ಇಷ್ಟೆಲ್ಲ ಸರಂಜಾಮಿನಿಂದ ಅವನು ಕಡೆಯುತ್ತಿದ್ದದ್ದಾದರೂ ಏನು? ಹೆಚ್ಚಾಗಿ ಲಟ್ಟಣಿಗೆ! ಕೈಯಲ್ಲಿ ರೊಟ್ಟಿ ಬಡಿಯುವ ಈ ಸೀಮೆಯಲ್ಲಿ! ಜೋಳದ ಹಿಟ್ಟು ನಾದಿ ಪಟಪಟ ಬಡಿದರೆ ರೊಟ್ಟಿ ತಾನೇ ಅಗಲವಾಗುತ್ತದೆ. ಲಟ್ಟಣಿಗೆ ನೆನಪಾಗುವುದು ಹೋಳಿಗೆ ಮಾಡುವ ದಿನ ಮಾತ್ರ. ಅಣ್ಣನಿಗೆ ಇದನ್ನು ಯಾರು ಹೇಳಬೇಕು? ಬೇವಿನ ಲಟ್ಟಣಿಗೆ, ಹುಣಸೆಯ ಲಟ್ಟಣಿಗೆ, ಜಾಲಿಯ ಲಟ್ಟಣಿಗೆ. ಓಣಿಯ ಮನೆಮನೆಗೂ ಹಂಚಿದ. ಪಕ್ಕದ ಮನೆಯ ಚಾಚಿಗೆ ಕೊಟ್ಟ ನಾಲ್ಕರ ಮೇಲೆ ಐದನೆಯದನ್ನು ಕೊಡಲು ಹೋದಾಗ ಆಕೆ ಕೈಮುಗಿದಳು.

"ಬೇಟಾ, ನನಗಿರೂದು ಎರಡ ಕೈ. ಒಂದೊಂದರಾಗ ಒಂದೊಂದು ಹಿಡಕೊಂಡ್ರೂ ನಿಂದು ಇನ್ನೂ ಮೂರು ಉಳೀತಾವು!"

ಇದೆಲ್ಲ ನಗುವ ಮಾತಾಯಿತು. ನನಗೆ ನಗು ಬಾರದಿದ್ದದ್ದು ಬೇರೆ ಕಾರಣಕ್ಕೆ. ನನ್ನ ಮದುವೆ ಈ ಲೇತುಗಳ ಕೆಳಗೆ ಸಿಕ್ಕು ಒದ್ದಾಡುತ್ತಿತ್ತು!

ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಸುಮಾ ಒಡೆದ ಮೊಬೈಲ್ ಹಿಡಿದು ಅಲ್ಲಿಗೆ ಬಂದವಳು, ಆಮೇಲೆ ಒಡೆಯದ ಮೊಬೈಲನ್ನೂ ರಿಪೇರಿಗೆ ತರತೊಡಗಿದಳು. ಎರಡೂ ಮನೆಯವರು ಒಪ್ಪಿದ್ದರು. ಸಿದ್ದಾಪುರದಲ್ಲಿ ಭತ್ತ ಬೆಳೆಯುವ ಅವಳ ಅಪ್ಪನದು ಒಂದೇ ಮಾತು: "ದೊಡ್ಡಾಂವಂದು ಮೊದಲ ಆಗಲಿ." ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿತನ ಅಣ್ಣನದೇ. ಹಿರಿಯನನ್ನು ಹಾಗೇ ಕೂರಿಸಿ ಕಿರಿಯನಿಗೆ ಬಾಸಿಂಗ ಕಟ್ಟಲು ಅವ್ವನೂ ತಯಾರಿರಲಿಲ್ಲ. ಆದರೆ ಎಷ್ಟು ದಿನ ಅಂತ ಕಾಯುವುದು?

"ಅಪ್ಪ ಭತ್ತದ ಕೊಯ್ಲು ಮುಗಿಯೂತನ ಕಾಯ್ತಾನಂತ. ಆಮ್ಯಾಲ ನನ್ನ ಕೇಳಾಕ ಬಂದ ಸಿಂಧನೂರು ಕಡಿಯವರಿಗೆ ಹ್ಞೂಂ ಅಂತಾನಂತ" ಎಂದು ಸುಮಾ ಫೋನಿನಲ್ಲಿ ಅತ್ತಳು. ಅತ್ತು ಮುಗಿಸಿ, "ನಿಮ್ಮಣ್ಣಗ ಹೇಳ್ರಿ, ಐದನೇ ಮಷೀನು ತರೂದಕ್ಕಿಂತ ಮೊದಲ ಒಂದು ಹೆಂಡ್ತಿ ತರ್ರಿ ಅಂತ!" ಎಂದು ಬೈದಳು.

ಸರ್ಕಾರಿ ನೌಕರಿಯ ವರ. ಹೆಣ್ಣು ಕೊಡುವವರಿಗೆ ಬರವೇ? ಸಾಲುಗಟ್ಟಿ ಬಂದರು. ಕೆಡಿಸಿದವನು ಅಣ್ಣನೇ! ಕುಷ್ಟಗಿಗೆ ಹೆಣ್ಣು ನೋಡಲು ಹೋದೆವು. ಹುಡುಗಿ ತಲೆ ತಗ್ಗಿಸಿ ಚಹಾ ತಂದಳು. ಅಣ್ಣನೂ ತಲೆ ತಗ್ಗಿಸಿದ. ನಾಚಿಕೆ ಇರಬೇಕೆಂದು ಅವ್ವ ಹಿಗ್ಗಿದಳು. ಎಲ್ಲಿಯ ನಾಚಿಕೆ? ಅವನು ಎದುರಿನ ಕುರ್ಚಿಯ ಕಾಲು ನೋಡುತ್ತಿದ್ದ! ಚಹಾ ಕುಡಿದವನೇ ಆ ಕುರ್ಚಿಯನ್ನು ಬೋರಲು ಹಾಕಿ, "ಇದನ್ನ ಯಾರು ಕಡದಿದ್ರಿ?" ಎಂದು ಹುಡುಗಿಯ ಅಪ್ಪನನ್ನು ಕೇಳಿದ. ಬರುವಾಗ ಬಸ್ಸಿನಲ್ಲಿ ಅವ್ವ ಆಸೆಯಿಂದ, "ಹೆಂಗದಾಳಪಾ?" ಎಂದಳು.

"ಪಕ್ಕಾ ಸಾಗವಾನಿ ಅವ್ವಾ" ಎಂದ.

ಕೊಯ್ಲು ಹತ್ತಿರ ಬರುವ ಹೊತ್ತಿಗೆ ಗಂಗಾವತಿಯ ಒಂದು ಮನೆತನ ಮಾತ್ರ ಉಳಿದಿತ್ತು. ಹುಡುಗಿ, ಹುಡುಗ ಒಪ್ಪಿಯಾಗಿತ್ತು. ಹೌದು, ಈ ಸಲ ಅಣ್ಣ ಹುಡುಗಿಯನ್ನೇ ನೋಡಿದ್ದ; ಅವರ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು! ಇನ್ನು ಅವರು ಬಂದು ನಮ್ಮ ಮನೆ ನೋಡುವುದೊಂದೇ ಬಾಕಿ. "ಅವರ ಕಣ್ಣಿಗೆ ಒಂದೂ ಬೀಳಬಾರದು" ಎಂದು ಅವ್ವ ಅಪ್ಪಣೆ ಹೊರಡಿಸಿದಳು. ನಾನು ಒಂದನ್ನು ಜೋಳದ ಚೀಲಗಳ ಹಿಂದೆ ತಳ್ಳಿದೆ, ಒಂದನ್ನು ಬಚ್ಚಲಲ್ಲಿಟ್ಟು ಮೇಲೆ ಒಣಗಿದ ಬಟ್ಟೆ ಹೇರಿದೆ, ಒಂದನ್ನು ಚಾಚಿಯ ಮನೆಗೆ ಸಾಗಿಸಿದೆ. ನೆಲಕ್ಕೆ ಬೋಲ್ಟ್ ಹೊಡೆದ ದೊಡ್ಡದನ್ನು ಏನು ಮಾಡುವುದು? ಮೇಲೊಂದು ಹಲಗೆ, ಹಲಗೆಯ ಮೇಲೆ ಅವ್ವನ ಕೌದಿ, ಕೌದಿಯ ಮೇಲೆ ಎರಡು ತಲೆದಿಂಬು. ಮಂಚ ತಯಾರ್!

ಒಂದೇ ಒಂದು ಮಾತು ಮರೆತಿದ್ದೆವು. ಅಣ್ಣ ಆ ದಿನವೂ ನಾನು ಹಲಗೆ ಹಾಸುವ ಗಳಿಗೆಯವರೆಗೆ ಆ ದೊಡ್ಡದರಲ್ಲಿ ಕಡೆಯುತ್ತಲೇ ಇದ್ದ. ಕರೆಂಟು ಹೋಯಿತೆಂದು ಉಳಿ ಕೆಳಗಿಟ್ಟು ಅಂಗಿ ಹಾಕಿಕೊಳ್ಳಲು ಎದ್ದಿದ್ದ. ಕರೆಂಟೇ ಇಲ್ಲದಾಗ ಸ್ವಿಚ್ಚು ಯಾರಿಗೆ ನೆನಪಾಗುತ್ತದೆ ಹೇಳಿ?

ಹುಡುಗಿಯ ಅಪ್ಪ, ಸೋದರಮಾವ ಮತ್ತು ಅಜ್ಜಿ ಬಂದರು. ಚೂಡಾ ತಿಂದರು, ಚಹಾ ಕುಡಿದರು. ಅಡುಗೆಮನೆ ನೋಡಿ ಒಳಗಿನ ಖೋಲಿಗೆ ಬಂದರು. "ಮಂಚ ಛಲೋ ಐತಿ. ತುಸು ಎತ್ತರ ಆತು" ಎನ್ನುತ್ತ ಅಜ್ಜಿ ಕೂರಲು ಹತ್ತಿರ ಸರಿದಳು.

ಕರೆಂಟು ಬಂತು!

ಮಂಚ ಗುರ್ರೆಂದಿತು. ಒಂದು ದಿಂಬು ಹುಡುಗಿಯ ಸೋದರಮಾವನ ಎದೆಗೆ ಬಂದು ಬಡಿಯಿತು. ಕೌದಿಯ ಒಂದು ತುದಿ ಒಳಗೆ ಸಿಕ್ಕಿ, ಇಡೀ ಕೌದಿ ಸರಸರನೆ ಸುತ್ತಿಕೊಳ್ಳುತ್ತ ಮಾಯವಾಗತೊಡಗಿತು.

"ಯಪ್ಪಾ! ಮಂಚ ಕೌದಿ ನುಂಗಾಕತ್ತೈತಿ!" ಎಂದು ಅಜ್ಜಿ ಹೊಸ್ತಿಲಾಚೆ ಜಿಗಿದಳು. ಆ ವಯಸ್ಸಿನಲ್ಲಿ ಅಂಥ ಜಿಗಿತ ನಾನು ನೋಡಿಲ್ಲ.

ಅಣ್ಣ ಓಡಿಬಂದು ಸ್ವಿಚ್ಚು ಆರಿಸಿದ. ಆರಿಸಿ, ತಪ್ಪಾಯಿತು ಅನ್ನಬೇಡವೇ? "ಬೆಲ್ಟ್ ಸಡಲಾಗೈತ್ರಿ, ಅದಕ್ಕ ಇಷ್ಟು ಸಪ್ಪಳ. ಇಲ್ಲಂದ್ರ ಭಾಳ ಶಾಂತ ಐತ್ರಿ" ಎಂದ! ಅಷ್ಟರಲ್ಲಿ ಚೀರಾಟ ಕೇಳಿ ಗೋಡೆಯಾಚೆಯಿಂದ ಚಾಚಿ ಕೂಗಿದಳು: "ಬೇಟಾ, ಅಲ್ಲಿದ್ದದ್ದು ಚಾಲೂ ಆತೇನು? ನಮ್ಮ ಮನ್ಯಾಗ ಮುಚ್ಚಿಟ್ಟದ್ದು ಸುಮ್ಮನೈತಿ ನೋಡು!"

ಹುಡುಗಿಯ ಅಪ್ಪನ ಮುಖ ಕಪ್ಪಿಟ್ಟಿತು. "ಒಟ್ಟು ಎಷ್ಟು ಅದಾವ್ರಿ?"

"ನಾಲ್ಕ್ರಿ" ಎಂದ ಅಣ್ಣ.

"ಯಾಕ್ ಬೇಕ್ರಿ ಅಷ್ಟು?"

ಅಯ್ಯೋ, ಕೇಳಬಾರದಿತ್ತು! ಅಣ್ಣನ ಮುಖ ಅರಳಿತು. ಕೊನೆಗೂ ಒಬ್ಬರು ಕೇಳಿದರಲ್ಲ! ಮೊದಲನೆಯದರಿಂದ ಶುರು ಮಾಡಿದ. ಎರಡನೆಯದಕ್ಕೆ ಬರುವಷ್ಟರಲ್ಲಿ ಬೀಗರಾಗಬೇಕಾದವರು ಚಪ್ಪಲಿ ಮೆಟ್ಟಿದ್ದರು.

ಅವ್ವ ಚಿಂದಿಯಾದ ಕೌದಿ ಹಿಡಿದು ಕೂತಳು. ನನಗೆ ನೆತ್ತಿಗೇರಿತು. ಗಂಗಾವತಿ ಹೋಯಿತೆಂದರೆ ಸುಮಾಳೂ ಹೋದ ಹಾಗೇ ಅಲ್ಲವೇ? "ನಿನ್ನ ಈ ನಾಲ್ಕರ ಸಲುವಾಗಿ ನನಗ ಒಂದೂ ಇಲ್ಲದಂಗಾತು ನೋಡು! ಅವನ್ನ ಕಟಗೊಂಡ ಬಾಳೇ ಮಾಡು!" ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ. ಅಣ್ಣ ಉಳಿಯ ಹಿಡಿಕೆಯನ್ನು ಸುಮ್ಮನೆ ಉಜ್ಜುತ್ತ ಕೂತ. ಅವನ ಕಿವಿಗೆ ಬಿತ್ತೋ ಇಲ್ಲವೋ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

ಅದೇ ವಾರ ಸುಮಾಳ ಅಪ್ಪ ಸಿದ್ದಾಪುರದಿಂದ ನಮ್ಮ ಮನೆಗೆ ಬಂದರು. ಮಾತು ಮುರಿಯಲಿಕ್ಕೇ ಬಂದಿದ್ದಾರೆಂದು ನಾನು ಬಾಗಿಲ ಮರೆಗೆ ಸರಿದೆ. ಅವರು ಅವ್ವ ಕೊಟ್ಟ ನೀರು ಕುಡಿದು, ಟವೆಲಿನಿಂದ ಬಾಯಿ ಒರೆಸಿಕೊಂಡು ಹೇಳಿದರು:

"ನಿನ್ನೆ ನಿಮ್ಮ ದೊಡ್ಡ ಮಗ ನಮ್ಮ ಮನಿಗಿ ಬಂದಿದ್ದ ನೋಡ್ರಿ ಯಕ್ಕಾ. ಒಬ್ಬಾಂವನ. 'ನನ್ನ ಮದುವಿ ದಾರಿ ಕಾಯಬ್ಯಾಡ್ರಿ ಕಾಕಾರ, ತಮ್ಮಂದು ಮೊದಲ ಮಾಡ್ರಿ' ಅಂದ. ನಾ ಅಂದೆ, 'ತಮ್ಮಾ, ದೊಡ್ಡಾಂವನ್ನ ಬಿಟ್ಟು ಸಣ್ಣಾಂವಂದು ಮಾಡಿದ್ರ, ದೊಡ್ಡಾಂವನೊಳಗ ಏನೋ ಐಬು ಐತಿ ಅಂತಾರ ಮಂದಿ. ನಾಳೆ ನಿನಗ ಯಾರೂ ಹೆಣ್ಣು ಕೊಡಂಗಿಲ್ಲ.' ಅದಕ್ಕ ಏನಂದ ಗೊತ್ತೇನ್ರಿ? 'ಐಬು ಐತ್ರಿ ಕಾಕಾರ. ನಾಲ್ಕು ಅದಾವು. ಮುಚ್ಚಿಡಾಕ ಹೋಗಿ ನೋಡೇವಿ, ಆಗಂಗಿಲ್ಲ. ಆದ್ರ ನನ್ನ ತಮ್ಮನೊಳಗ ಒಂದೂ ಇಲ್ಲ' ಅಂದ. ಇಂಥಾ ಅಣ್ಣ ಇರೂ ಮನಿಗಿ ಮಗಳನ್ನ ಕೊಡಲಿಲ್ಲಂದ್ರ ನನಗ ಮನಸು ತಡೀತೈತೇನ್ರಿ?"

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಸುಮಾಳಿಗೆ ಫೋನು ಮಾಡಬೇಕೆಂಬುದೂ ಮರೆತುಹೋಯಿತು. ಅಣ್ಣನನ್ನು ಹುಡುಕಿಕೊಂಡು ಒಳಗಿನ ಖೋಲಿಗೆ ಓಡಿದೆ.

ಜಗಳದ ದಿನದಿಂದ ನಾನು ಕಾಲಿಡದಿದ್ದ ಖೋಲಿ ಬರಿದಾಗಿತ್ತು. ಉಳಿದ ಮೂರು ಮಾತ್ರವಲ್ಲ, ಆ ಎಮ್ಮೆಯಂಥ ದೊಡ್ಡದೂ ಇರಲಿಲ್ಲ. ಗೋಡೆಗೆ ಹೊಸ ಸುಣ್ಣ. ಅಣ್ಣ ಮೊಣಕಾಲೂರಿ ಕೂತು, ಬೋಲ್ಟ್ ಕಿತ್ತ ಜಾಗದ ತೂತುಗಳಿಗೆ ಕರಣಿಯಿಂದ ಸಿಮೆಂಟ್ ಮೆತ್ತುತ್ತಿದ್ದ.

"ಎಲ್ಲಿ ಹೋದ್ವೋ ಅಣ್ಣಾ?"

"ಹಿತ್ತಲದಾಗ, ತಗಡಿನ ಕೆಳಗ."

"ಬ್ಯಾಸಿಗ್ಯಾಗ ಅಲ್ಲಿ ಕುಂದ್ರಾಕ ಆಗ್ತೈತೇನು? ಬೆಂದು ಹೋಗ್ತಿ!"

ಅವನು ತಲೆ ಎತ್ತಲಿಲ್ಲ. ತೂತಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಹೇಳಿದ: "ನೀವಿಬ್ಬರೂ ಇರೂ ಖೋಲಿ ಇದು. ಹುಡುಗಿ ಬರಿಗಾಲಾಗ ಓಡಾಡ್ತಾಳ. ತೂತು ಹಂಗ ಬಿಟ್ರ ಕಾಲು ಸಿಕ್ಕೊಂಡು ಬೀಳ್ತಾಳ."

ಅಂದು ನಾನು ಒದರಿದ್ದು ಅವನ ಕಿವಿಗೆ ಬಿದ್ದಿರಲಿಲ್ಲ ಅಂದುಕೊಂಡಿದ್ದೆನಲ್ಲ! ನಾನು ಅಲ್ಲೇ ನೆಲಕ್ಕೆ ಕೂತು, ಅವನ ಭುಜಕ್ಕೆ ಹಣೆ ಒತ್ತಿ, ಸಣ್ಣ ಹುಡುಗನ ಹಾಗೆ ಬಿಕ್ಕಿಬಿಕ್ಕಿ ಅಳತೊಡಗಿದೆ. ಅಣ್ಣ ಮೆಲ್ಲಗೆ ನನ್ನನ್ನು ಒಂದು ಮೊಳ ಆಚೆ ಸರಿಸಿ ಕೂರಿಸಿದ.

"ಅಳೂದಾದ್ರ ಅಲ್ಲಿ ಕುಂತು ಅಳಪಾ ತಮ್ಮಾ" ಎಂದ. "ಸಿಮೆಂಟು ಇನ್ನೂ ಹಸೀ ಐತಿ. ನೀರು ಹೆಚ್ಚಾದ್ರ ಹಿಡಿಯಂಗಿಲ್ಲ."