ಹನ್ನೆರಡು ದಿನ ಕಾಯಿಸಿದ ಹೃದಯ

ಶಿವಮೊಗ್ಗದ ನಮ್ಮ ಲ್ಯಾಬಿನಲ್ಲಿ ಹೃದಯ ಬೆಳೆಸ್ತೀವಿ ಅಂದರೆ ಸಾಕು, ಜನ ಏನಾದರೂ ಒಂದು ಎಡವಟ್ಟು ಮಾಡಿಯೇ ತೀರುತ್ತಾರೆ. ಪೂರ್ತಿ ಹೃದಯ ಅಲ್ಲ ಮತ್ತೆ! ದಾನಿಯೊಬ್ಬರ ರಕ್ತದ ಜೀವಕೋಶಗಳನ್ನು ಪಳಗಿಸಿ ಹೃದಯ ಸ್ನಾಯುವಿನ ಒಂದು ಚೂರು ಬೆಳೆಸುವುದು, ಹೊಸ ಔಷಧಿಗಳನ್ನು ಅದರ ಮೇಲೆ ಪರೀಕ್ಷಿಸುವುದು. ಅದು ತಾನಾಗಿಯೇ ಮಿಡಿಯಬೇಕು. ಎರಡು ಸಲ ಬೆಳೆಸಿದ್ದು ಸತ್ತೇ ಹೋಗಿತ್ತು. ಮೂರನೆಯದೂ ಹನ್ನೆರಡು ದಿನದೊಳಗೆ ಮಿಡಿಯದಿದ್ದರೆ ಯೋಜನೆ ಬಂದ್, ಟೆಕ್ನಿಷಿಯನ್ ಆದ ನಾನು ಮನೆಗೆ.

೧. ಊಟಕ್ಕೆ ಎಷ್ಟು?

ಕೋಶಗಳಿಗೆ ದಿನಾ ಹೊತ್ತಿಗೆ ಸರಿಯಾಗಿ ಪೋಷಕ ದ್ರವ ಹಾಕಬೇಕು. ನಾಲ್ಕನೆಯ ದಿನ ಭದ್ರಾವತಿ ಓಲ್ಡ್ ಟೌನಿನ ಅತ್ತಿಗೆ ಮನೆಯಲ್ಲಿ ನವರಾತ್ರಿ ಊಟ. ಎಲೆ ಹಾಕುವ ಹೊತ್ತಿಗೆ ನಾನು ಬ್ಯಾಗ್ ಎತ್ತಿದೆ.

"ಊಟ ಬಿಟ್ಟು ಎಲ್ಲಿಗೆ ಮಾರಾಯ್ತಿ?" ಅಂದರು ಅತ್ತಿಗೆ.

"ಲ್ಯಾಬಲ್ಲಿ ಹಸ್ಕೊಂಡಿರ್ತಾವೆ, ಅವಕ್ಕೆ ಹಾಕ್ಬೇಕು."

"ಪಾಪ! ಹೋಳಿಗೆ ಕಟ್ಕೊಡ್ತೀನಿ ತಡಿ. ಎಷ್ಟಿದಾವೆ?"

"ಒಂದು ಹತ್ತು ಲಕ್ಷ ಇರಬಹುದು."

ಅತ್ತಿಗೆ ಡಬ್ಬಿಯ ಮುಚ್ಚಳ ಮುಚ್ಚಿದರು. "ಹಂಗಾದ್ರೆ ನಿಂಗೊಬ್ಬಳಿಗೆ ಕಟ್ತೀನಿ ಬಿಡು."

೨. ಶುದ್ಧ ಪೂಜೆ

ಎಂಟನೆಯ ದಿನ ಆಯುಧಪೂಜೆ. ಕೋಶಗಳ ಕೋಣೆಗೆ ಸ್ಪಿರಿಟ್ ಹೊಡೆಯದೆ ಏನನ್ನೂ ಒಯ್ಯುವಂತಿಲ್ಲ. ಚೂರು ಬೂಷ್ಟು ಹೊಕ್ಕರೂ ಎಲ್ಲಾ ಹೋಯಿತು. ನಮ್ಮ ಅಟೆಂಡರ್ ಮಹಾ ನಿಯತ್ತಿನ ಮನುಷ್ಯ. ಗೌನು, ಮಾಸ್ಕು, ಗ್ಲೌಸು ಹಾಕಿಕೊಂಡು ಪೂಜೆಯ ತಟ್ಟೆ ಹಿಡಿದು ಬಂದರು. ಚೆಂಡುಹೂವಿನಿಂದ ಸ್ಪಿರಿಟ್ ತೊಟ್ಟಿಕ್ಕುತ್ತಿತ್ತು.

"ಬಾಳೆಹಣ್ಣಿಗೂ ಹೊಡೆದಿದೀನಿ ಮೇಡಂ, ತೆಂಗಿನಕಾಯಿಗೆ ಎರಡು ಸಲ. ಒಂದು ಕ್ರಿಮಿ ಇಲ್ಲ."

ಲ್ಯಾಬಿನ ಮುಖ್ಯಸ್ಥೆ ಬಾಗಿಲಲ್ಲೇ ತಡೆದು ಕೇಳಿದರು, "ಸರಿ, ಈಗ ಕರ್ಪೂರ ಹೆಂಗೆ ಹಚ್ತೀರಿ?"

ಅಟೆಂಡರ್ ತಟ್ಟೆಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಧಾನಕ್ಕೆ ಹಿಂದೆ ಸರಿದರು. "ಈ ಸಲ ಕೈ ಮುಗಿದ್ರೆ ಸಾಕು ಅನ್ಸುತ್ತೆ ಮೇಡಂ."

೩. ಇವರದ್ದೇ!

ಹನ್ನೊಂದು ದಿನ ಕಳೆದರೂ ಅದು ಮಿಸುಕಲಿಲ್ಲ. ನನಗೆ ಅನ್ನ ಸೇರದು. ರಕ್ತ ಕೊಟ್ಟವರು ಭದ್ರಾವತಿಯ ನಿವೃತ್ತ ಕಾರ್ಮಿಕರು; ತಪ್ಪು ತಮ್ಮದೇ ಎಂಬಂತೆ ದಿನಾ ಫೋನು: "ಎದ್ದಿತೇನಮ್ಮಾ?" ಹನ್ನೆರಡನೆಯ ದಿನ ಬೆಳಿಗ್ಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ಅಯ್ಯೋ ದೇವರೇ, ಪುಟುಪುಟು ಮಿಡಿಯುತ್ತಿದೆ! "ನಿನ್ನ ಕೆಲಸ ಉಳೀತು ಕಣೇ" ಅಂತ ಮುಖ್ಯಸ್ಥೆ ನನ್ನನ್ನು ತಬ್ಬಿಕೊಂಡರು.

ಮಧ್ಯಾಹ್ನದ ಬಸ್ಸಿಗೆ ಆ ಹಿರಿಯರು ಹೆಂಡತಿ ಸಮೇತ ಬಂದಿಳಿದರು. ನಾನು ಕಾಲಿಗೆ ಬಿದ್ದೆ. "ನಿಮ್ಮಿಂದ ನಮ್ಮನೆ ಒಲೆ ಉರೀತಿದೆ ಯಜಮಾನ್ರೇ."

"ನಾನೇನು ಮಾಡಿದೆ ತಾಯಿ, ಸೂಜಿಗೆ ಒಂದು ಸಲ ಕೈ ಚಾಚಿದೆ ಅಷ್ಟೇ" ಅಂತ ಅವರೂ ಕಣ್ಣೊರೆಸಿಕೊಂಡರು. ಅಂಥವರಿಗೆ ಎಷ್ಟು ಋಣಿ ಅಂದರೂ ಕಮ್ಮಿಯೇ.

ಅವರ ಹೆಂಡತಿ ಮಾತ್ರ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. "ಇವರದ್ದೇ. ಅನುಮಾನವೇ ಇಲ್ಲ" ಅಂದರು.

"ಅದು ಹೆಂಗೆ ಗೊತ್ತಾಯ್ತು ಅಮ್ಮ?"

"ಮನೇಲಿ ಸೋರೋ ನಲ್ಲಿ ರಿಪೇರಿ ಮಾಡಿ ಅಂದ್ರೂ ಹಿಂಗೇ ಮಾರಾಯ್ತಿ. ಹನ್ನೊಂದು ದಿನ ಕೂತಲ್ಲಿಂದ ಅಲ್ಲಾಡಲ್ಲ. ನಾಳೆ ಪ್ಲಂಬರ್‌ನ ಕರೀತೀನಿ ಅಂದ ತಕ್ಷಣ ಎದ್ದು ಶುರು ಮಾಡ್ತಾರೆ!"