ಬ್ರೇಕಿಲ್ಲದ ಸೈಕಲ್ಲು, ಇಬ್ಬರು ಕಾವಲುಗಾರರು

ದುಃಖದ ಮನೆಯಲ್ಲಿ ನಗು ಬರುವಂಥ ಸಂಗತಿಗಳು ನಡೆಯುತ್ತಲೇ ಇರುತ್ತವೆ; ಜೊತೆಗೆ ಕೂತು ನಗುವವರು ಮಾತ್ರ ಇರುವುದಿಲ್ಲ. ಹೆಂಡತಿ ತೀರಿಕೊಂಡ ವರ್ಷ ನನಗೆ ಇದು ತಿಳಿಯಿತು.

ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ಗ್ರಂಥಪಾಲಕ. ಅವಳು ಹೋದ ಮೇಲೆ ಪುಸ್ತಕ ತೆರೆದರೆ ಒಂದೇ ಪುಟದಲ್ಲಿ ಸಂಜೆ ಮುಗಿಯುತ್ತಿತ್ತು. ಕೈಗೊಂದು ಕೆಲಸ ಬೇಕಿತ್ತು. ಮೂಲೆಯಲ್ಲಿದ್ದ ಹಳೆಯ ಸೈಕಲ್ಲನ್ನು ಬಿಚ್ಚಿ ಫಿಕ್ಸೆಡ್ ಗೇರ್ ಸೈಕಲ್ ಮಾಡಲು ಕೂತೆ. ಸಾಮಾನ್ಯ ಸೈಕಲ್ಲಿನಲ್ಲಿ ತುಳಿಯುವುದನ್ನು ಬಿಟ್ಟರೂ ಗಾಲಿ ಉರುಳುತ್ತದೆ. ಇದರಲ್ಲಿ ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಕಾಲಿಗೆ ಬಿಡುವಿಲ್ಲ. ನಿಲ್ಲಿಸಲು ಪೆಡಲನ್ನು ಹಿಂದಕ್ಕೆ ಒತ್ತಬೇಕು. ಬ್ರೇಕ್ ಬೇಕಿಲ್ಲ ಎಂದು ಓದಿದ್ದೆ.

ವೆಲ್ಡಿಂಗ್ ರಾಡ್

ತುಳಿಯದಿದ್ದರೂ ಗಾಲಿ ಉರುಳಲು ಬಿಡುವ ಹಲ್ಲಿನ ಚಕ್ರ, ಹಿಂದಿನ ಗಾಲಿಯ ಫ್ರೀವೀಲನ್ನು ವೆಲ್ಡ್ ಮಾಡಿಸಲು ಹುಮನಾಬಾದಿಗೆ ಹೋದೆ. ಸೈಕಲ್ ಅಂಗಡಿಯವನು ಅದನ್ನು ತಿರುಗಿಸಿ ನೋಡಿದ.

"ಸರ್, ಇದು ಚಲೋ ಅದ. ಏನಾಗಿಲ್ಲ."

"ಗೊತ್ತು. ವೆಲ್ಡ್ ಮಾಡಿ ಜಾಮ್ ಮಾಡು."

"ಜಾಮ್ ಮಾಡಿದ್ರ ಪೆಡಲ್ ನಿಲ್ಲಂಗಿಲ್ರಿ."

"ನಿಲ್ಲಬಾರದು. ಬ್ರೇಕೂ ತೆಗೀತೀನಿ."

ಅವನು ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕ ತೆಗೆದ. "ಯಾರಿಗ್ರಿ ಈ ಸೈಕಲ್?"

"ನನಗೇ."

"ಮನ್ಯಾಗ ಯಾರ‍್ಯಾರು ಇದ್ದೀರಿ?"

"ನಾನೊಬ್ಬನೇ. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಯ್ತು."

ಅವನು ಮಷಿನ್ ಆಫ್ ಮಾಡಿ, ಸ್ಟೂಲು ಒರೆಸಿ ನನ್ನನ್ನು ಕೂರಿಸಿದ. ಚಹಾ ತರಿಸಿದ. "ವೆಲ್ಡಿಂಗ್ ರಾಡ್ ಮುಗದಾವ್ರಿ ಸರ್" ಅಂದ. ರಾಡುಗಳ ಕಟ್ಟು ಅವನ ಕಾಲ ಬಳಿಯೇ ಇತ್ತು. ಆಮೇಲೆ ಮೆಲ್ಲಗೆ, "ತಮ್ಮವರು ಯಾರದರೆ ನಂಬರ್ ಕೊಡ್ರಿ" ಎಂದು ಕೇಳಿದ. ರಾಡ್ ಬಂದಾಗ ತಿಳಿಸಲು ಇರಬೇಕು ಎಂದುಕೊಂಡೆ. ನನ್ನ ಫೋನು ಆಫ್ ಇರುವುದೇ ಹೆಚ್ಚು. ಚಿಟಗುಪ್ಪದ ತಂಗಿಯ ನಂಬರ್ ಕೊಟ್ಟೆ.

ಊರಿಗೆ ಮರಳಿ ಸಂಜೆಯ ಚಹಾಕ್ಕೆ ಹಾಲು ಕಾಯಿಸಲು ಇಡುವಷ್ಟರಲ್ಲಿ ತಂಗಿ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಸುಮ್ಮನ ಬಂದೀನಿ ಅಣ್ಣಾ" ಎಂದಳು. ಸುಮ್ಮನೆ ಬಂದವಳ ಕಾಲಲ್ಲಿ ಒಂದು ಚಪ್ಪಲಿ ಅವಳದು, ಇನ್ನೊಂದು ಅವಳ ಗಂಡನದು.

ಜೋಳದ ಡಬ್ಬಿ

ಮರುದಿನದಿಂದ ಮನೆಯ ಸಾಮಾನು ಮಾಯವಾಗತೊಡಗಿದವು. ಮೊದಲು ಚಾಕು. ಆಮೇಲೆ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ. ಒದ್ದೆ ಬಟ್ಟೆಗಳನ್ನು ಕುರ್ಚಿಗಳ ಮೇಲೆ ಹರವಿದ್ದರಿಂದ ಬಂದವರು ನಿಂತೇ ಮಾತಾಡಿ ಹೋಗುತ್ತಿದ್ದರು. ಮೂರನೆಯ ದಿನ ನಟ್ಟು ತಿರುಗಿಸುವ ನನ್ನ ಪಾನಾಗಳೂ ಕಾಣಲಿಲ್ಲ. ಹುಡುಕಿದರೆ ಜೋಳದ ಡಬ್ಬಿಯ ತಳದಲ್ಲಿದ್ದವು.

ಸಾಯುವುದಿಲ್ಲ ಎಂದು ನಾನು ಹೇಳಬಹುದಿತ್ತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಕೇಳಿದ್ದರೂ ಖಾತ್ರಿಯಾಗಿ ಹೇಳುವಷ್ಟು ಧೈರ್ಯ ಆಗ ನನ್ನಲ್ಲಿರಲಿಲ್ಲ.

"ಪಾನಾ ಯಾಕ ಬೇಕು ನಿನಗ?"

"ಚೈನ್ ಬಿಗಿ ಮಾಡಾಕ."

"ನೀ ಕೂಡು. ನಾ ಮಾಡ್ತೀನಿ."

ಫ್ರೀವೀಲನ್ನು ಅಷ್ಟರಲ್ಲಿ ನಮ್ಮೂರಿನಲ್ಲೇ ಗೇಟು ಮಾಡುವವನೊಬ್ಬ, ಏನೂ ಕೇಳದೆ, ವೆಲ್ಡ್ ಮಾಡಿಕೊಟ್ಟಿದ್ದ. ಉಳಿದ ಸೈಕಲ್ಲನ್ನು ತಂಗಿಯೇ ಜೋಡಿಸಿದಳು. ನಾನು ದೂರ ಕೂತು ಪುಸ್ತಕ ನೋಡಿ ಹೇಳುವುದು, ಅವಳು ಸೆರಗು ಸಿಕ್ಕಿಸಿಕೊಂಡು ನಟ್ಟು ತಿರುಗಿಸುವುದು. ಅವಳ ಕೈಯ ಗ್ರೀಸು ಎಷ್ಟು ತೊಳೆದರೂ ಹೋಗಲಿಲ್ಲ. ಆ ವಾರದ ರೊಟ್ಟಿಗಳ ಮೇಲೆ ಐದೂ ಬೆರಳು ಸ್ಪಷ್ಟವಾಗಿ ಮೂಡಿದ್ದವು. ಚಲೋ ಆಗೇದ ಎಂದು ತಿಂದೆ.

ಟ್ರಯಲ್

ಪಕ್ಕದ ಮನೆಯವರು ನಿವೃತ್ತ ಬಸ್ ಡ್ರೈವರು. ಓಣಿಗೆಲ್ಲ ಕಾಕಾ. ತಂಗಿ ಅವರಿಗೆ ಎಲ್ಲ ಹೇಳಿ, ನನ್ನ ಕಾವಲಿಗೆ ಸೇರಿಸಿಕೊಂಡಿದ್ದಳು. ಬ್ರೇಕಿಲ್ಲದ ಗಾಡಿ ಕಂಡು ಅವರ ಮುಖ ಬಿಳಿಚಿತು.

"ಸರ್, ಟ್ರಯಲ್ ನೋಡ್ದೆ ಗಾಡಿ ಹೊರಗ ಬಿಡಂಗಿಲ್ಲ" ಎಂದು ತಾವೇ ಹತ್ತಿದರು.

ಓಣಿಯ ನೀರಿನ ಟಾಕಿ ಸುತ್ತಿ ಬಂದು ಇಳಿಯುವುದು ಅವರ ಲೆಕ್ಕ. ಇಳಿಯಲು ತುಳಿಯುವುದನ್ನು ನಿಲ್ಲಿಸಿದರು, ಪೆಡಲ್ ನಿಲ್ಲಲಿಲ್ಲ. ಅವರನ್ನು ಸೀಟಿನಿಂದ ಗೇಣು ಮೇಲೆತ್ತಿ ಕುಕ್ಕಿತು. ಮೊದಲ ಸುತ್ತಿನಲ್ಲಿ ನಮ್ಮ ಬಾಗಿಲು ದಾಟುವಾಗ "ಚಲೋ ಅದರೀ!" ಎಂದರು. ಎರಡನೆಯದರಲ್ಲಿ "ಇಳಿಯೂದು ಹ್ಯಾಂಗ್ರಿ?" ಮೂರನೆಯದರಲ್ಲಿ ಬರಿಯ "ಸರ್!" ನಾಲ್ಕನೆಯದರಲ್ಲಿ ತಂಗಿ ಓಡಿ ಕ್ಯಾರಿಯರ್ ಹಿಡಿದು ಜೋತುಬಿದ್ದಳು.

ಕಾಕಾ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡರು. "ಇದು ಬ್ಯಾಡ್ರಿ ಸರ್. ದಣದಾಗ ಮನಷ್ಯಾಗ ಕಾಲು ಬಿಡಾಕ ಬರಬೇಕು."

"ಕಾಲು ಬಿಟ್ಟು ಕೂತರೆ ಅವಳ ನೆನಪು ಬರ್ತದ ಕಾಕಾ."

ತೀರಿಕೊಂಡಳು ಎನ್ನುವುದನ್ನು ಬಿಟ್ಟರೆ, ನಾಲ್ಕು ತಿಂಗಳಲ್ಲಿ ಅವಳ ಬಗ್ಗೆ ನಾನು ಆಡಿದ ಮೊದಲ ಮಾತು ಅದು. ಕಾಕಾ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ನೆನಪು ಬಿಡ್ರಿ, ಆ ಮೂರನೇ ಸುತ್ತಿನ್ಯಾಗ ನನಗ ನನ್ನ ಹೆಸರ ನೆನಪಿಗಿ ಬರಲಿಲ್ಲ" ಎಂದರು.

ಹುಮನಾಬಾದ್ ರಸ್ತೆ

ಒಂದು ರವಿವಾರ ಬೆಳಿಗ್ಗೆ ತಂಗಿ ಸ್ನಾನಕ್ಕೆ ಹೋದಾಗ ಸೈಕಲ್ ಹತ್ತಿ ಹುಮನಾಬಾದ್ ರಸ್ತೆ ಹಿಡಿದೆ. ಬಹಳ ದೂರ ಚೆನ್ನಾಗಿಯೇ ಹೋಯಿತು. ಹಿಂದೆ ಹಾರ್ನ್ ಕೇಳಿ ತಿರುಗಿದರೆ ಆಟೋ. ಯಾರದೋ ಗಾಡಿಯನ್ನು ಕಾಕಾ ಬಸ್ಸಿನಂತೆ ಓಡಿಸುತ್ತಿದ್ದಾರೆ, ಪಕ್ಕದಲ್ಲಿ ಒದ್ದೆ ಕೂದಲಿನ ತಂಗಿ.

ಅಷ್ಟರಲ್ಲಿ ಇಳಿಜಾರು ಬಂತು. ವೇಗ ತಗ್ಗಿಸಲು ಪೆಡಲನ್ನು ಹಿಂದಕ್ಕೆ ಒತ್ತಿದೆ. ಕಟಕ್ ಎಂದು ವೆಲ್ಡ್ ಮಾಡಿದ ಫ್ರೀವೀಲು ಗಾಲಿಯ ತಿರುಪಿನಿಂದ ಬಿಚ್ಚಿಕೊಂಡಿತು. ಹಾಗೆ ಬಿಚ್ಚದಂತೆ ಅದರ ಮೇಲೊಂದು ಬಳೆ ಬಿಗಿಯಬೇಕು ಎಂದು ಪುಸ್ತಕದಲ್ಲಿತ್ತು. ಓದಿದ್ದೆ, ಹಾಕಿರಲಿಲ್ಲ. ಈಗ ಪೆಡಲಿಗೂ ಗಾಲಿಗೂ ಸಂಬಂಧವಿಲ್ಲ. ಸೈಕಲ್ಲು ತನ್ನಷ್ಟಕ್ಕೆ ಇಳಿಯುತ್ತಿದೆ.

ಆಟೋ ಸಮಕ್ಕೆ ಬಂತು. ತಂಗಿ ಅರ್ಧ ಹೊರಗೆ ಬಾಗಿ, "ಅಣ್ಣಾ, ವೈನಿ ಹೋದಳಂತ ಹಿಂಗ ಮಾಡಬ್ಯಾಡೋ!" ಎಂದು ಕೂಗುತ್ತಿದ್ದಳು.

"ಹಿಡಿಯವ್ವಾ!" ಎಂದು ಅರಚಿದೆ. "ಕಾಕಾ, ಹಿಡೀರಿ ನನ್ನ! ಬಿಡಬ್ಯಾಡ್ರಿ!"

ಹಿಡಿಯುವ ಮೊದಲೇ ರಸ್ತೆ ಬಿಟ್ಟು ಕಬ್ಬಿನ ಒಣಗರಿಯ ರಾಶಿಯೊಳಗೆ ಹೋಗಿ ಬಿದ್ದೆ. ಮೊಣಕೈ ತರಚಿತ್ತು, ಅಷ್ಟೆ. ತಂಗಿ ಓಡಿಬಂದು ಗಾಯ ನೋಡಲಿಲ್ಲ. ನನ್ನ ಭುಜ ಹಿಡಿದು ಅಲುಗಿಸಿದಳು.

"ಹಿಡಿ ಅಂದಿ ಹೌದಿಲ್ಲೋ? ನೀನೇ ಅಂದಿ ಹೌದಿಲ್ಲೋ?"

"ಹೌದು."

"ಇನ್ನೊಮ್ಮೆ ಅನ್ನು."

"ಹಿಡಿ."

ಅವಳು ನನ್ನ ಎದೆಗೆ ಒರಗಿ ದನಿ ತೆಗೆದು ಅತ್ತಳು. ಹೆಂಡತಿಯ ಮಣ್ಣಿನ ದಿನ ನಾನು ಅತ್ತಿರಲಿಲ್ಲ. ಈಗ ನನಗೂ ತಡೆಯಲಾಗಲಿಲ್ಲ. ಕಾಕಾ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಮಗಿಂತ ಜೋರಾಗಿ ಅಳುತ್ತಿದ್ದರು.

ಹಳ್ಳಿಖೇಡದ ಕಡೆಗೆ ಕಬ್ಬು ಒಯ್ಯುತ್ತಿದ್ದ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ, ತಲೆಯ ರುಮಾಲು ತೆಗೆದು, ಮೆಲ್ಲಗೆ ಕೇಳಿದ: "ಯಾರು ತೀರಿಕೊಂಡ್ರೀ ಕಾಕಾ?"

ಕಾಕಾ ಟವೆಲ್ಲಿನಿಂದ ಮುಖ ಹೊರತೆಗೆದು ಬಿಕ್ಕುತ್ತ ನನ್ನ ಕಡೆ ಬೆರಳು ತೋರಿಸಿದರು.

"ಇವ್ರು ತೀರಿಕೊಳ್ಳಲಿಲ್ಲಪಾ. ಅದಕ್ಕಽ ಅಳಾಕತ್ತೇವಿ."