ಕಂಪನಿ ಮಾರಾಟವಾಯ್ತು, ನಲವತ್ಮೂರು ಮುಖಗಳ ಗತಿಯೇನು?

ಕೆಲಸ ಬಾರದವರು ಆರಾಮಾಗಿರ್ತಾರೆ. ಗ್ರಹಚಾರ ಹುಡುಕಿಕೊಂಡು ಬರೋದು ನನ್ನಂಥ ಕೈಗುಣದವನ ಅಂಗಡಿಗೇ. ಅತ್ತಿಬೆಲೆಯಿಂದ ಆನೇಕಲ್‌ವರೆಗೆ ಫ್ಲೆಕ್ಸ್ ಡಿಸೈನ್ ಅಂದ್ರೆ ನಾನೇ. ಎಮ್ಮೆ ಮೇಯಿಸಿಕೊಂಡಿದ್ದವನು ಯಾರ ಹತ್ತಿರವೂ ಕಲಿಯದೆ ಮೌಸ್ ಹಿಡಿದೆ. ಇವತ್ತು ಒಂದು ಕೂದಲೂ ತಪ್ಪದ ಹಾಗೆ ಫೋಟೊದಿಂದ ಮುಖ ಬಿಡಿಸ್ತೀನಿ.

ಆ ಬಿಡಿಸೋ ಸಾಫ್ಟ್‌ವೇರ್ ಮಾಡುವ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ನುಂಗಿದೆ ಅಂತ ಸುದ್ದಿ ಬಂತು. ಹಳೇ ಫೈಲುಗಳು ಮುಂದೆ ತೆರೆಯುತ್ತವೋ ಇಲ್ಲವೋ, ಯಾರನ್ನು ಕೇಳಿದರೂ ಗೊತ್ತಿಲ್ಲ.

ಮಿಕ್ಕ ಫೈಲುಗಳು ಹಾಳಾಗಿ ಹೋಗಲಿ. ನಮ್ಮೂರ ಲೀಡರ್ ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸ್ ಒಂದಿದೆ. ಮಧ್ಯದಲ್ಲಿ ಆಳೆತ್ತರದ ಅಣ್ಣ, ಕೆಳಗೆ ಶುಭ ಕೋರುವವರ ನಲವತ್ತೆರಡು ಮುಖ. ಯಾರ ಮುಖ ಎಷ್ಟು ದಪ್ಪ, ಯಾರ ಪಕ್ಕ ಯಾರು ಅನ್ನೋದು ತೀರ್ಮಾನವಾಗೋಕೆ ಆರು ವರ್ಷ, ಎರಡು ಹೊಡೆದಾಟ ಹಿಡೀತು. ಊರಿನ ನೆಮ್ಮದಿಯೆಲ್ಲ ಆ ಒಂದು ಫೈಲಿನಲ್ಲಿದೆ. ಅದು ಹೋದರೆ ನನ್ನ ಹೆಸರೂ ಹೋಯ್ತು, ಅಂಗಡಿಯೂ ಹೋಯ್ತು.

ನಿಂತ ಬೆಳೆ

ಮೊದಲು ಅಂಗಡಿಯ ಓನರ್ ಯಜಮಾನರ ಹತ್ತಿರ ತೋಡಿಕೊಂಡೆ. ರಾಗಿ ಹೊಲವನ್ನು ಲೇಔಟಿನವರಿಗೆ ಮಾರಿದ ದುಡ್ಡಿನಲ್ಲಿ ಈಗ ಅವರದ್ದು ಹದಿನಾರು ಬಾಡಿಗೆ ರೂಮು.

“ಇದ್ಯಾವ ಮಹಾ ಇಷ್ಯ ಬಿಡ್ಲಾ,” ಅಂದರು. “ಒಲ ಮಾರಿದ್ರೂವೆ ನಿಂತ ಬೆಳೆ ಬೆಳೆದೋನ್ದೇ. ನಿನ್ ಫೈಲು ನಿಂತ ಬೆಳೆ ಇದ್ದಂಗೆ. ಕುಯ್ಕೊಳಕೆ ಒಸಿ ಟೈಮ್ ಕೊಡಿ ಅಂತ ಕೇಳು.”

ನನಗೆ ಜೀವ ಬಂದಂಗಾಯ್ತು. “ನೀವೂ ಕೇಳಿದ್ರಾ ಯಜಮಾನ್ರೇ?”

“ಕೇಳ್ದೆ. ಒಂದು ತಿಂಗಳು ಅಂದ್ರು.”

“ಆಮೇಲೆ?”

“ಮೂರನೇ ದಿನಕ್ಕೆ ಜೆಸಿಬಿ ಬಂತು. ನನ್ನ ರಾಗಿನೆಲ್ಲ ಅದೇ ಕುಯ್ತು ಕಣಪ್ಪ.”

ಏನೂ ಬದಲಾಗಲ್ಲವಂತೆ

ವಾರದೊಳಗೆ ಕಂಪನಿಯಿಂದ ಈಮೇಲ್ ಬಂತು. ‘ನಮಗೆ ಬಹಳ ಸಂತೋಷವಾಗಿದೆ, ನಿಮಗೆ ಏನೂ ಬದಲಾಗುವುದಿಲ್ಲ.’ ನನ್ನ ಇಂಗ್ಲಿಷು ಗಟ್ಟಿ. ನಾಲ್ಕೇ ಸಲ ಓದಿ ಅರ್ಥ ಮಾಡಿಕೊಂಡೆ. ಪಕ್ಕದ ರೂಮಿನ ಬಾಗಲಕೋಟೆ ಅಣ್ಣನಿಗೆ ಓದಿ ಹೇಳಿದೆ. ಅವನು ಇಲ್ಲೇ ಫ್ಯಾಕ್ಟರಿಯಲ್ಲಿ ಲೇತ್ ಮಷೀನ್ ಮೇಲಿದ್ದವನು.

ಅವನು ನಕ್ಕ. “ನಮ್ಮ ಫ್ಯಾಕ್ಟರಿ ಮಾರಿದಾಗೂ ಹಿಂಗ ನೋಟೀಸ್ ಹಚ್ಚಿದ್ರಪಾ. ಏನೂ ಬದಲಾಗಂಗಿಲ್ಲ ಅಂತ. ಎಲ್ಲಾರಿಗೂ ಎರಡೆರಡು ಪೇಢೆ ಕೊಟ್ರು.”

“ಕೊನೆಗೇನಾಯ್ತಣ್ಣ?”

“ಮಷೀನ್ ಹೋದ್ವು, ಮ್ಯಾನೇಜರ್ ಹೋದ, ನಾವೂ ಹೊರಗ ಬಂದ್ವಿ. ಆ ನೋಟೀಸ್ ಒಂದು ಬದಲಾಗಲಿಲ್ಲ ನೋಡು, ಇನ್ನೂ ಅಲ್ಲೇ ಐತಿ.”

ಅಳುವವರ ಗುಂಪು

ಇಂಟರ್ನೆಟ್ಟಿನಲ್ಲಿ ಈ ಸಾಫ್ಟ್‌ವೇರ್ ಬಳಸುವವರದೇ ಒಂದು ಗುಂಪಿದೆ. ಹೋಗಿ ನೋಡಿದರೆ ಸಾವಿನ ಮನೆ. ಮಕ್ಕಳ ಪುಸ್ತಕಕ್ಕೆ ಹಕ್ಕಿ ಬರೆಯುವ ಹೆಂಗಸೊಬ್ಬರು, “ನನ್ನ ಹನ್ನೊಂದು ವರ್ಷದ ಹಕ್ಕಿಗಳು ಹೋಗಿಬಿಡುತ್ತವೆ” ಎಂದು ಗೋಳಾಡುತ್ತಿದ್ದರು. ನಾನೇನು ಕಮ್ಮಿ? ನಮ್ಮ ಫ್ಲೆಕ್ಸ್ ಹಾಕಿ, ಎರಡು ಹೊಡೆದಾಟದ ಕತೆಯನ್ನೂ ಸೇರಿಸಿ ಬರೆದೆ.

ಆಮೇಲೆ ಅದೇ ಹಕ್ಕಿ ಮೇಡಂ ಬರೆದರು: “ನನ್ನ ಹಕ್ಕಿಗಳು ಹೋದರೆ ನಾನು ಅಳುತ್ತೇನೆ, ಅಷ್ಟೇ. ಅವು ಬಂದು ನನ್ನನ್ನು ಹೊಡೆಯುವುದಿಲ್ಲ. ನಿಮ್ಮ ಕಷ್ಟವೇ ದೊಡ್ಡದು.”

ಅಳೋದರಲ್ಲೂ ನಮ್ಮ ಆನೇಕಲ್ ತಾಲ್ಲೂಕಿಗೇ ಫಸ್ಟ್ ಪ್ರೈಜ್.

ಅಣ್ಣನ ಹುಟ್ಟುಹಬ್ಬ

ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಸಾಫ್ಟ್‌ವೇರ್ ತಾನೇ ಅಪ್‌ಡೇಟ್ ಆಗಿ ಕೂತಿತ್ತು. ಅಣ್ಣನ ಫೈಲ್ ಒತ್ತಿದೆ. ‘ಹಳೆಯ ಫೈಲನ್ನು ಹೊಸ ರೀತಿಗೆ ಹೊಂದಿಸಲೇ?’ ಅಂತ ಕೇಳಿತು. ಏನು ಕೇಳಿದರೂ ಹೂಂ ಅನ್ನೋದೇ ನಮ್ಮ ಪದ್ಧತಿ, ಒತ್ತಿದೆ.

ತೆರೆದುಕೊಂಡಿತು! ಸಂತೆಯಲ್ಲಿ ಕುರಿ ಎಣಿಸುವ ಹಾಗೆ ಅಣ್ಣನನ್ನೂ ಸೇರಿಸಿ ಬೆರಳಿಟ್ಟು ಎಣಿಸಿದೆ. ನಲವತ್ಮೂರು. ಇನ್ನೊಂದು ಸಲ ಎಣಿಸಿದೆ. ನಲವತ್ಮೂರೇ! ಕಂಪ್ಯೂಟರಿಗೆ ಕೈಮುಗಿದು ನೇರ ಪ್ರಿಂಟಿಗೆ ಕಳಿಸಿಬಿಟ್ಟೆ. ಎಣಿಸೋ ಭರದಲ್ಲಿ ಅಳತೆ ನೋಡಲೇ ಇಲ್ಲ.

ಹುಟ್ಟುಹಬ್ಬದ ಬೆಳಿಗ್ಗೆ ಊರಬಾಗಿಲಲ್ಲಿ ಇಪ್ಪತ್ತಡಿ ಫ್ಲೆಕ್ಸ್ ಎದ್ದು ನಿಂತಾಗಲೇ ನಾನು ನೋಡಿದ್ದು. ಹೊಸ ಕಂಪನಿ ಹೊಂದಿಸಿದ್ದ ಚಂದ ಅದು: ನಲವತ್ಮೂರು ಮುಖವೂ ಒಂದೇ ಅಳತೆ. ಪಾಸ್‌ಪೋರ್ಟ್ ಫೋಟೊಗಳ ಹಾಗೆ ಸಾಲಾಗಿ ನಿಂತಿವೆ. ಆರು ವರ್ಷದಿಂದ ಮೂಲೆಯಲ್ಲಿ ಗೋಲಿ ಗಾತ್ರದಲ್ಲಿದ್ದ ಹಾಲಿನ ಡೇರಿಯವನು ಅಣ್ಣನ ಸಮಕ್ಕೆ ಬಂದುಬಿಟ್ಟಿದ್ದ. ಖುಷಿಗೆ ಹೆಂಡತಿ ಮಕ್ಕಳನ್ನೆಲ್ಲ ಕರೆತಂದು ಫ್ಲೆಕ್ಸ್ ಮುಂದೆ ಸೆಲ್ಫಿ ತೆಗೀತಿದ್ದ.

ಅಷ್ಟರಲ್ಲಿ ಅಣ್ಣನ ಕಾರು ಬಂತು. ಇಳಿದರು. ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಲೇ, ಇದ್ರಾಗೆ ಉಟ್ಟಿದಬ್ಬ ಯಾರ್ದ್ಲಾ?”

ಇಡೀ ತಾಲ್ಲೂಕಿಗೆ ಜೋರುಬಾಯಿಯವನು ನಾನು. ಅಣ್ಣನ ಮುಂದೆ ಮಾತ್ರ ಕೈಕಟ್ಟಿ ನಿಂತೆ. “ನಿಮ್ದೇ ಅಣ್ಣ. ನಂದೇನೂ ತಪ್ಪಿಲ್ಲ. ಆ ಸಾಫ್ಟ್‌ವೇರ್ ಕಂಪನಿನ ಬೇರೆಯೋರು ತಗೊಂಡ್ಬಿಟ್ರು, ಅದಕ್ಕೇ ಇಂಗಾಯ್ತು.”

ಅಣ್ಣ ನನ್ನ ಹೆಗಲ ಮೇಲೆ ಕೈ ಹಾಕಿದರು. “ನನ್ನೂ ಮೂರು ಪಾರ್ಟಿಯೋರು ತಗೊಂಡವ್ರೆ ಕಣ್ಲಾ. ಒಂದ್ಸಲನಾದ್ರೂ ನನ್ ಮುಖ ಸಣ್ದಾಗಿತ್ತೇನ್ಲಾ?”